ಬೊಂಬಾಯಿ ಕುರಿತು ಎರಡು ಮಾತು

ಕೆಲವು ವಾರಗಳ ಹಿಂದೆ ಒಂದು ಜುಮಾದ ದಿನ, ನಮಾಝ್ ಮುಗಿದು ಜನ ಚದುರುತ್ತಿದ್ದಾಗ ನಮ್ಮ ಜಮಾಅತಿನ ಒಬ್ಬರು ಮಗನನ್ನು ಕರೆದುಕೊಂಡು ನಮ್ಮ ಬಳಿ ಬಂದರು. ಹುಡುಗ ಐಟಿಐ ಮುಗಿಸಿದ್ದಾನೆ, ಏಸಿ ರಿಪೇರಿ ಕಲಿತಿದ್ದಾನೆ. ಮುಂಬೈಯಲ್ಲಿ ಒಂದು ಕೆಲಸ ಸಿಕ್ಕಿದೆ. "ಉಸ್ತಾದ್, ಇವನನ್ನು ಬೊಂಬಾಯಿಗೆ ಕಳಿಸಬಹುದಾ? ನೀವೊಂದು ಮಾತು ಹೇಳಿ" ಎಂದರು.

ನಾವು ಬಾಯಿ ತೆರೆಯುವ ಮೊದಲೇ ಹೌಝಿನ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಹೇಳಿದರು: "ಕೇಳುವುದೇನು? ಕಳಿಸು. ನನಗೆ ಅನ್ನ ಕೊಟ್ಟ ಊರು ಅದು. ಕೈಯಲ್ಲಿ ಕೆಲಸ ಇದ್ದವನು ಬೊಂಬಾಯಿಯಲ್ಲಿ ಉಪವಾಸ ಮಲಗುವುದಿಲ್ಲ." ಅವರು ಹದಿನಾಲ್ಕನೇ ವಯಸ್ಸಿನಲ್ಲಿ ಅಲ್ಲಿಗೆ ಹೋಗಿ, ಹೋಟೆಲಿನಲ್ಲಿ ಕಪ್ಪು ತೊಳೆದು, ಆಮೇಲೆ ಬಂದರಿನಲ್ಲಿ ದುಡಿದು, ಮೂರು ತಂಗಿಯರ ಮದುವೆ ಮಾಡಿದವರು. ಅವರ ಪಕ್ಕದಲ್ಲೇ ಇದ್ದ ಇನ್ನೊಬ್ಬರು ತಲೆ ಎತ್ತದೆ ಉತ್ತರಿಸಿದರು: "ಉಪವಾಸ ಮಲಗುವುದಿಲ್ಲ, ಸರಿ ಕಾಕ. ಮಲಗುವುದೆಲ್ಲಿ?" ಇವರು 1993ರಲ್ಲಿ ಅಂಗಡಿ ಕಳೆದುಕೊಂಡು ಹೆಂಡತಿ ಮಕ್ಕಳೊಂದಿಗೆ ಊರಿಗೆ ಮರಳಿದವರು.

ಇಬ್ಬರೂ ಸುಳ್ಳು ಹೇಳುವವರಲ್ಲ. ಇಬ್ಬರೂ ಇದ್ದದ್ದು ಒಂದೇ ನಗರದಲ್ಲಿ, ಕೆಲವು ವರ್ಷ ಒಂದೇ ಓಣಿಯಲ್ಲಿ. ನಾವು ಆ ತಂದೆಗೆ ಒಂದು ವಾರ ಸಮಯ ಕೇಳಿದೆವು. ಬಿ.ಎ.ಯಲ್ಲಿ ಇತಿಹಾಸ ಓದಿದವರು ನಾವು; ಪುಸ್ತಕಗಳನ್ನು ತೆಗೆದು ಕೂತೆವು. ಮುಂದಿನ ಜುಮಾದಲ್ಲಿ ಖುತ್ಬಾಕ್ಕೆ ಮೊದಲಿನ ಕನ್ನಡ ಮಾತಿನಲ್ಲಿ ಸ್ವಲ್ಪ ಹೇಳಿದೆವು, ಸಮಯ ಸಾಲಲಿಲ್ಲ. ಉಳಿದದ್ದು ಇಲ್ಲಿದೆ.

ಮುಂಬೈ ಎಂದರೆ ಮೂಲದಲ್ಲಿ ಏಳು ದ್ವೀಪಗಳು. ಇಂಗ್ಲಿಷರು ಬರುವ ಮುಂಚೆ ಅಲ್ಲಿನ ಮುಖ್ಯ ಊರು ಮಾಹಿಮ್. ಗುಜರಾತಿನ ಸುಲ್ತಾನರ ಕಾಲದಲ್ಲಿ ಅಲ್ಲಿ ಬಾಳಿದವರು ಫಕೀಹ್ ಮಖ್ದೂಮ್ ಅಲಿ ಮಾಹಿಮಿ. 1372ರಲ್ಲಿ ಹುಟ್ಟಿ 1431ರಲ್ಲಿ ತೀರಿಕೊಂಡ ಈ ವಿದ್ವಾಂಸರು ಅರಬಿಯಲ್ಲಿ ಬರೆದ 'ತಬ್ಸೀರುರ್ರಹ್ಮಾನ್' ಎಂಬ ಕುರ್‌ಆನ್ ವ್ಯಾಖ್ಯಾನ ನಮ್ಮ ದೇಶದಲ್ಲಿ ರಚಿತವಾದ ಹಳೆಯ ತಫ್ಸೀರುಗಳಲ್ಲಿ ಒಂದು. ಅವರು ನವಾಯತ ಮನೆತನದವರು, ಶಾಫಿಈ ಮದ್‌ಹಬಿನವರು. ಅಂದರೆ ನಮ್ಮ ಭಟ್ಕಳ, ಹೊನ್ನಾವರದ ಕಡೆಯ ನವಾಯತರಿಗೂ ಮಾಹಿಮಿಗೂ ನಡುವಿನ ನಂಟು ರೈಲು ಬರುವುದಕ್ಕೆ ಮುನ್ನೂರು ನಾನೂರು ವರ್ಷಗಳ ಹಿಂದಿನದು, ಕಡಲಿನ ಮೂಲಕದ್ದು. ಇಂದಿಗೂ ಅವರ ಉರೂಸಿನಲ್ಲಿ ಮೊದಲ ಚಾದರವನ್ನು ಒಯ್ಯುವವರು ಮುಂಬೈ ಪೊಲೀಸರು. ಉರೂಸಿನ ಬಗ್ಗೆ ಓದುಗರಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು, ಆ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ಆ ನಗರದ ಸ್ವಭಾವ ತಿಳಿಯಲಿ ಎಂದು ಹೇಳಿದೆವು.

1534ರಲ್ಲಿ ಗುಜರಾತಿನ ಬಹಾದುರ್ ಷಾನಿಂದ ಪೋರ್ಚುಗೀಸರು ಈ ದ್ವೀಪಗಳನ್ನು ಪಡೆದರು. 1661ರಲ್ಲಿ ತಮ್ಮ ರಾಜಕುಮಾರಿಯನ್ನು ಇಂಗ್ಲೆಂಡಿನ ಅರಸನಿಗೆ ಕೊಟ್ಟಾಗ ಬಳುವಳಿಯಾಗಿ ಬಿಟ್ಟುಕೊಟ್ಟರು. ಅರಸನಿಗೆ ಅದು ಬೇಡದ ಖರ್ಚು. 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ.

ಎರಡು ಮಾತು ಶುರುವಾಗುವುದು ಇಲ್ಲಿಂದಲೇ. ಕಂಪನಿಯ ಗುಮಾಸ್ತರು, ಪಾದ್ರಿಗಳು, ವೈದ್ಯರು ಬರೆದಿಟ್ಟ ಟಿಪ್ಪಣಿಗಳಲ್ಲಿ ಬೊಂಬಾಯಿ ಒಂದು ಸ್ಮಶಾನ. ಉಪ್ಪುನೀರಿನ ಜೌಗು, ಜ್ವರ, ಭೇದಿ. ಹೊಸದಾಗಿ ಬಂದ ಬಿಳಿಯನ ಆಯುಸ್ಸು ಎರಡು ಮಳೆಗಾಲ ಎಂದು ಅವರಲ್ಲಿ ಮಾತಿತ್ತು. ಅದೇ ಹೊತ್ತಿನಲ್ಲಿ ಸೂರತ್, ದಿಯು ಕಡೆಯ ವ್ಯಾಪಾರಿಗಳು ಹೆಂಡಿರು ಮಕ್ಕಳೊಂದಿಗೆ ಅಲ್ಲಿಗೇ ಬಂದು ನೆಲೆಸುತ್ತಿದ್ದರು. 1669ರಿಂದ 1677ರವರೆಗೆ ಗವರ್ನರ್ ಆಗಿದ್ದ ಜೆರಾಲ್ಡ್ ಆಂಜಿಯರ್ ಅವರವರ ಧರ್ಮದಂತೆ ನಡೆಯಬಹುದು, ಅವರವರ ಪಂಚಾಯಿತಿ ಇಟ್ಟುಕೊಳ್ಳಬಹುದು ಎಂದು ಭರವಸೆ ಕೊಟ್ಟಿದ್ದ. ಪಾರ್ಸಿಗಳಿಗೆ ತಮ್ಮ ಶವಗಳನ್ನು ಇಡಲು ಮಲಬಾರ್ ಗುಡ್ಡದಲ್ಲಿ ಜಾಗ ಸಿಕ್ಕಿದ್ದು ಅವನ ಕಾಲದಲ್ಲಿ. ಇದು ಅವನ ದೊಡ್ಡ ಮನಸ್ಸು ಎಂದು ಕೆಲವರು ಬರೆಯುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಅವನಿಗೆ ವ್ಯಾಪಾರಿಗಳು ಬೇಕಿತ್ತು, ನೇಕಾರರು ಬೇಕಿತ್ತು, ಖಾಲಿ ದ್ವೀಪ ತುಂಬಬೇಕಿತ್ತು. ಅಗತ್ಯದಿಂದ ಕೊಟ್ಟ ಸ್ವಾತಂತ್ರ್ಯವೂ ಸ್ವಾತಂತ್ರ್ಯವೇ, ಅದನ್ನು ಪಡೆದವರು ಚೆನ್ನಾಗಿ ಬಳಸಿಕೊಂಡರು.

ಆದರೆ ಕರೆದವರಿಗೆಲ್ಲ ಒಂದೇ ಜಾಗ ಇರಲಿಲ್ಲ. ಕೋಟೆಯ ಒಳಗೆ ಇಂಗ್ಲಿಷರು, ದೊಡ್ಡ ಪಾರ್ಸಿ ಮತ್ತು ಬನಿಯಾ ವ್ಯಾಪಾರಿಗಳು. 1803ರಲ್ಲಿ ಕೋಟೆಯೊಳಗೆ ಭಾರೀ ಬೆಂಕಿ ಬಿತ್ತು. ಆ ನಂತರ ಗೋಡೆಯ ಹೊರಗೆ, ಬಯಲಿನ ಆಚೆ, ದೇಶೀಯರ ಪೇಟೆ ದಟ್ಟವಾಗಿ ಬೆಳೆಯಿತು. ಮಾಂಡವಿ, ಡೋಂಗ್ರಿ, ಭೂಲೇಶ್ವರ, ಭೇಂಡಿ ಬಜಾರ್. ಅಲ್ಲಿನ ಓಣಿಗಳಲ್ಲಿ ಕೊಂಕಣಿ ಮುಸ್ಲಿಮರು, ಮೆಮನರು, ಖೋಜಾಗಳು, ಬೊಹರಾಗಳು, ಇರಾನಿಗಳು, ಗುಜರಾತಿ ಹಿಂದೂಗಳು, ಬೆನೆ ಇಸ್ರಾಯೀಲ್ ಯಹೂದಿಗಳು ಗೋಡೆಗೆ ಗೋಡೆ ತಾಗಿಸಿ ಬದುಕಿದರು. ಒಂದು ಮಾತು ಕೇಳಿದರೆ ಓದುಗರಿಗೆ ಅಚ್ಚರಿಯಾಗಬಹುದು. ಮುಂಬೈ ಲೋಕಲಿನಲ್ಲಿ 'ಮಸ್ಜಿದ್' ಎಂಬ ಸ್ಟೇಷನ್ ಇದೆಯಲ್ಲ, ಆ ಹೆಸರು ಬಂದದ್ದು ನಮ್ಮ ಮಸೀದಿಯಿಂದಲ್ಲ. 1796ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾಲಯವನ್ನು ಆ ಜನ ತಮ್ಮ ಮಾತಿನಲ್ಲಿ ಮಸ್ಜಿದ್ ಎಂದೇ ಕರೆಯುತ್ತಿದ್ದರು. ಅದರಿಂದ ಬಂದ ಹೆಸರು ಅದು.

ನಮ್ಮ ಜಾಮಿಆ ಮಸೀದಿ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. 1775ರಲ್ಲಿ ಶುರುವಾದ ಕಟ್ಟಡ 1802ರಲ್ಲಿ ಮುಗಿಯಿತು. ಹಳೆಯ ಕೆರೆಯೊಂದರ ಮೇಲೆ ಕಮಾನುಗಳನ್ನು ನಿಲ್ಲಿಸಿ ಅದರ ಮೇಲೆ ಮಸೀದಿ ಕಟ್ಟಿದ್ದಾರೆ. ಕೆಳಗೆ ಇಂದಿಗೂ ನೀರಿದೆ, ಮೀನುಗಳಿವೆ, ಮೆಟ್ಟಿಲಿಳಿದು ವುಝೂ ಮಾಡಬಹುದು. ಇಪ್ಪತ್ತರ ವಯಸ್ಸಿನಲ್ಲಿ ಒಂದು ರಮಝಾನ್ ತಿಂಗಳು ಡೋಂಗ್ರಿಯ ಚಿಕ್ಕ ಮಸೀದಿಯೊಂದರಲ್ಲಿ ತರಾವೀಹ್‌ಗೆ ನಿಲ್ಲಲು ನಾವು ಹೋಗಿದ್ದೆವು. ಕೊಂಕಣ ರೈಲು ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಲುಹರ್ ಮುಗಿಸಿ ಆ ನೀರಿನ ಮೆಟ್ಟಿಲ ಮೇಲೆ ಕೂತರೆ ಹೊರಗಿನ ಬಜಾರಿನ ಗದ್ದಲ ಕೇಳಿಸದು. ಆದರೆ ರಾತ್ರಿ ಮಲಗುತ್ತಿದ್ದುದು ಮಸೀದಿಯ ಅಟ್ಟದಲ್ಲಿ, ಏಳು ಮಂದಿ, ಒಬ್ಬರು ಮಗ್ಗುಲು ಬದಲಿಸಿದರೆ ಏಳೂ ಮಂದಿ ಬದಲಿಸಬೇಕು. ಆ ನಗರದ ಬಗ್ಗೆ ನಮ್ಮದೂ ಎರಡು ಮಾತೇ.

ಹತ್ತೊಂಬತ್ತನೇ ಶತಮಾನದಲ್ಲಿ ನಗರವನ್ನು ಎತ್ತಿ ಕೂರಿಸಿದ್ದು ಹತ್ತಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಕಾವಸ್‌ಜೀ ದಾವರ್ ಎಂಬ ಪಾರ್ಸಿ ಮೊದಲ ಬಟ್ಟೆ ಗಿರಣಿಯ ಕಂಪನಿ ಸ್ಥಾಪಿಸಿದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಹೋಗುವುದು ನಿಂತಾಗ ಬೊಂಬಾಯಿಗೆ ಹಣದ ಮಳೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ವಿಲಾಯಿತಿಯ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕವಿತ್ತು. ಹೀಗೆ ಕಾರವಾರ, ಧಾರವಾಡ, ಬೆಳಗಾವಿ, ಬಿಜಾಪುರದವರಿಗೆ 1956ರವರೆಗೂ ಬೊಂಬಾಯಿ ಎಂದರೆ ಪರದೇಶವಲ್ಲ, ರಾಜಧಾನಿ. ದಕ್ಷಿಣ ಕನ್ನಡದವರಿಗೆ ಮದ್ರಾಸು ರಾಜಧಾನಿಯಾಗಿದ್ದರೂ ಹೊಟ್ಟೆಯ ರಾಜಧಾನಿ ಬೊಂಬಾಯಿಯೇ.

1865ರಲ್ಲಿ ಅಮೆರಿಕದ ಯುದ್ಧ ನಿಂತಿತು. ಹತ್ತಿಯ ಬೆಲೆ ಬಿತ್ತು, ಷೇರುಗಳು ಕಾಗದವಾದವು. ಆಗ ಜನ ಏನು ಮಾಡಿದರು ಎಂಬುದು ಜನಗಣತಿಯಲ್ಲಿದೆ. 1864ರಲ್ಲಿ ನಗರದ ಜನಸಂಖ್ಯೆ 8,16,562. 1872ರಲ್ಲಿ 6,44,405. ನಗರದ ಬಗ್ಗೆ ಜನರ ಅಭಿಪ್ರಾಯ ಏನೆಂದು ತಿಳಿಯಲು ಇದಕ್ಕಿಂತ ಪ್ರಾಮಾಣಿಕ ದಾಖಲೆ ಬೇಕೆ? ಕೆಲಸ ಇದ್ದಾಗ ಬಂದರು, ಇಲ್ಲದಾಗ ಗಂಟು ಕಟ್ಟಿದರು. ಹೊರಟವರಿಗೆ ಅಲ್ಲಿ ಬಿಟ್ಟು ಹೋಗಲು ಮನೆ ಎಂಬುದು ಇರಲಿಲ್ಲ.

ನಮ್ಮ ಸಮುದಾಯದ ಹಳಬರಿಗೆ ಬೊಂಬಾಯಿಯ ಮೇಲೆ ಇದ್ದ ಪ್ರೀತಿಗೆ ಇನ್ನೊಂದು ಕಾರಣವಿದೆ. ಮೊಘಲರ ಕಾಲದಲ್ಲಿ ಸೂರತನ್ನು ಮಕ್ಕಾದ ಬಾಗಿಲು ಎನ್ನುತ್ತಿದ್ದರು. ಆವಿ ಹಡಗು ಬಂದ ಮೇಲೆ ಆ ಬಾಗಿಲು ಬೊಂಬಾಯಿಗೆ ಸರಿಯಿತು. ಕಾಬೂಲ್, ಬುಖಾರಾದಿಂದಲೂ ಹಜ್ ಯಾತ್ರಿಕರು ಬಂದು ಹಡಗಿಗಾಗಿ ವಾರಗಟ್ಟಲೆ ಕಾಯುತ್ತಿದ್ದರು. ದಲ್ಲಾಳಿಗಳು ಸುಲಿಯುತ್ತಿದ್ದರು, ಧನಿಕರು ಮುಸಾಫಿರಖಾನೆ ಕಟ್ಟಿಸುತ್ತಿದ್ದರು. ಎರಡೂ ಅಲ್ಲೇ. ಯಾತ್ರಿಕರ ದೂರು ಹೆಚ್ಚಾಗಿ 1886ರಲ್ಲಿ ಬ್ರಿಟಿಷ್ ಸರಕಾರ ಟಿಕೆಟಿನ ವ್ಯವಸ್ಥೆಯನ್ನು ಥಾಮಸ್ ಕುಕ್ ಕಂಪನಿಗೆ ಕೊಟ್ಟಿತ್ತು. ಮುಂದೆ ನೂರು ವರ್ಷ ಈ ಕಡಲ ದಾರಿ ನಡೆಯಿತು, 1995ರಲ್ಲಿ ನಿಂತಿತು. ನಮ್ಮ ಊರುಗಳಿಂದ ಹಜ್‌ಗೆ ಹೊರಟ ಅಜ್ಜ ಅಜ್ಜಿಯರನ್ನು ಬೀಳ್ಕೊಡಲು ಬೊಂಬಾಯಿವರೆಗೆ ಹೋದವರು ಈಗಲೂ ಇದ್ದಾರೆ. ಅವರನ್ನು ಕೇಳಿದರೆ ಆ ನಗರದ ಬಗ್ಗೆ ಕೆಟ್ಟ ಮಾತು ಬರುವುದಿಲ್ಲ. ಅವರು ಕಂಡದ್ದು ಮುಸಾಫಿರಖಾನೆ ಮತ್ತು ಬಂದರು.

ಈಗ ಪ್ಲೇಗಿನ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಎಂಬ ಗೋವಾ ಮೂಲದ ವೈದ್ಯರು ಪ್ಲೇಗ್ ರೋಗವನ್ನು ಮೊದಲು ಗುರುತಿಸಿದರು. ಮಾಂಡವಿ ಎಂದರೆ ಧಾನ್ಯದ ಗೋದಾಮುಗಳ ಜಾಗ. ಇಲಿ ಇತ್ತು, ಇಕ್ಕಟ್ಟಿತ್ತು, ಗಾಳಿ ಬೆಳಕು ಇರಲಿಲ್ಲ. ಕೆಲವೇ ತಿಂಗಳಲ್ಲಿ ನಗರದ ಅರ್ಧದಷ್ಟು ಜನ ಊರು ಬಿಟ್ಟು ಓಡಿದರು. ಗಿರಣಿಗಳು ನಿಂತವು. ಆ ವರ್ಷ ಬೊಂಬಾಯಿಯಿಂದ ಹಜ್ ಹಡಗುಗಳನ್ನೂ ಸರಕಾರ ತಡೆಯಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಓದುಗರು ಈ ಕಾಯ್ದೆಯ ಹೆಸರನ್ನು ಕೊರೊನಾ ಕಾಲದಲ್ಲೂ ಕೇಳಿದ್ದೀರಿ, ಅದೇ ಕಾಯ್ದೆ. ಸೈನಿಕರು ಮನೆ ಹೊಕ್ಕು ಹುಡುಕುವುದು, ರೋಗಿಯನ್ನು ಎಳೆದೊಯ್ಯುವುದು, ಮನೆಯವರನ್ನು ಬೇರೆ ಕ್ಯಾಂಪಿಗೆ ಸಾಗಿಸುವುದು, ಸಾಮಾನು ಸುಡುವುದು. ಹೆಂಗಸರ ಮೈ ಮುಟ್ಟಿ ಪರೀಕ್ಷಿಸುವುದನ್ನು ಹಿಂದೂಗಳೂ ಸಹಿಸಲಿಲ್ಲ, ಮುಸ್ಲಿಮರೂ ಸಹಿಸಲಿಲ್ಲ.

ಮದನಪುರದಲ್ಲಿ ಜುಲಾಹಾ ನೇಕಾರರಿದ್ದರು. ಉತ್ತರ ಹಿಂದುಸ್ಥಾನದಿಂದ ಮಗ್ಗದ ಕಸುಬು ಕಟ್ಟಿಕೊಂಡು ಬಂದ ಬಡ ಮುಸ್ಲಿಮರು. 1898ರ ಮಾರ್ಚ್ 9ರಂದು ಪ್ಲೇಗಿನ ತಂಡ ಅಲ್ಲಿನ ಒಂದು ಮನೆಯಿಂದ ಕಾಯಿಲೆಯ ಬಾಲಕಿಯನ್ನು ಒಯ್ಯಲು ಬಂದಾಗ ಓಣಿಯೇ ಎದ್ದು ನಿಂತಿತು. ಗಲಭೆಯಾಯಿತು, ಗುಂಡು ಹಾರಿತು, ಎರಡೂ ಕಡೆ ಸಾವಾಯಿತು. ಅದರ ನಂತರ ಸರಕಾರ ಬಿಗಿ ಸಡಿಲಿಸಿತು. ಆಯಾ ಜಮಾಅತು, ಆಯಾ ಜಾತಿಯವರು ನಡೆಸುವ ಆಸ್ಪತ್ರೆಗಳಿಗೆ ಹೆಚ್ಚು ಅವಕಾಶ ಸಿಕ್ಕಿತು. ತಮ್ಮವರೇ ನೀರು ಕೊಡುವ, ತಮ್ಮ ರೀತಿಯ ಅಡುಗೆ ಮಾಡುವ, ತೀರಿಕೊಂಡರೆ ತಮ್ಮ ರೀತಿಯಲ್ಲೇ ದಫನ ಮಾಡುವ ಆಸ್ಪತ್ರೆಗೆ ಜನ ತಾವಾಗಿಯೇ ಹೋದರು.

ಆ ನೇಕಾರರನ್ನು ಅಜ್ಞಾನಿಗಳು ಎಂದು ಬರೆದವರಿದ್ದಾರೆ. ಅವರಿಗೆ ರೋಗದ ಭಯ ಇರಲಿಲ್ಲವೆಂದಲ್ಲ. ಆ ನಗರದಲ್ಲಿ ಅವರಿಗಿದ್ದದ್ದು ಒಂದು ಕೋಣೆ. ಮಗ್ಗ ಅಲ್ಲೇ, ಒಲೆ ಅಲ್ಲೇ, ಹೆಣ್ಣುಮಕ್ಕಳ ಮರ್ಯಾದೆಯ ಪರದೆ ಅಲ್ಲೇ. ಆ ಒಂದು ಕೋಣೆಯ ಹೊಸ್ತಿಲನ್ನೂ ದಾಟಿದರೆ ಉಳಿಯುವುದೇನು? ಹಾಗೆಂದು ಅವರು ಮಾಡಿದ್ದೆಲ್ಲ ಸರಿ ಎಂದೂ ಹೇಳಲಾರೆವು. ಲಸಿಕೆಯ ವಿರುದ್ಧ ಹಬ್ಬಿದ ವದಂತಿಗಳು ಬಹಳ ಜೀವ ತೆಗೆದವು. 1897ರ ಜನವರಿಯಲ್ಲಿ ವಿಜ್ಞಾನಿ ಹಾಫ್ಕಿನ್ ಬೊಂಬಾಯಿಯಲ್ಲೇ ಪ್ಲೇಗಿನ ಲಸಿಕೆ ತಯಾರಿಸಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಖೋಜಾಗಳ ಧರ್ಮಗುರು ಆಗಾ ಖಾನ್, ಆಗ ಇಪ್ಪತ್ತರ ಆಸುಪಾಸಿನ ತರುಣ, ಜನರೆದುರು ಲಸಿಕೆ ಹಾಕಿಸಿಕೊಂಡು ಪ್ರಯೋಗಾಲಯಕ್ಕೆ ತಮ್ಮ ಕಟ್ಟಡವನ್ನೂ ಬಿಟ್ಟುಕೊಟ್ಟರು. ಹಿರಿಯನಾದವನು ತಾನು ಮೊದಲು ತೋಳು ಚಾಚಬೇಕು ಎಂಬುದನ್ನು ಕೊರೊನಾ ಕಾಲದಲ್ಲಿ ನಮ್ಮ ಜಮಾಅತಿಗೆ ಹೇಳುವಾಗ ನಾವು ಈ ಸಂಗತಿಯನ್ನು ನೆನಪಿಸಿದ್ದೆವು.

ಓಡಿದ ಜನರ ಜೊತೆ ರೋಗವೂ ರೈಲು ಹತ್ತಿತು. ಹುಬ್ಬಳ್ಳಿ, ಧಾರವಾಡ ದಾಟಿ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು.

ಪ್ಲೇಗಿನ ನಂತರ 1898ರಲ್ಲಿ ಬೊಂಬಾಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಇಕ್ಕಟ್ಟಿನ ಓಣಿಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡಿನಂಥ ಅಗಲ ರಸ್ತೆಗಳನ್ನು ಮಾಡಿದರು. ಉತ್ತರಕ್ಕೆ ದಾದರ್, ಮಾಟುಂಗಾ ಬಡಾವಣೆಗಳ ನಕ್ಷೆ ಹಾಕಿದರು. ಕೆಡವಿದ ಮನೆಗಳ ಬಡವರಿಗೆಲ್ಲ ಹೊಸ ಮನೆ ಸಿಗಲಿಲ್ಲ. ಅವರು ಪಕ್ಕದ ಓಣಿಗೆ ಸರಿದು ಅದನ್ನೂ ಇಕ್ಕಟ್ಟು ಮಾಡಿದರು. ಮಾಟುಂಗಾ ಮಾತ್ರ ಮುಂದೆ ಗುಮಾಸ್ತಿಕೆ ಹುಡುಕಿ ಬಂದ ದಕ್ಷಿಣದವರ ಊರಾಯಿತು. ಮೈಸೂರು ಅಸೋಸಿಯೇಷನ್ ಇರುವುದು ಅಲ್ಲಿ. 1942ರಲ್ಲಿ ಉಡುಪಿ ಕಡೆಯ ರಾಮ ನಾಯಕರು ಊಟದ ಬೋರ್ಡಿಂಗ್ ತೆರೆದದ್ದೂ ಅಲ್ಲಿಯೇ.

ನಮ್ಮ ಕರಾವಳಿಯ ಬಡ ಹುಡುಗರಿಗೆ ಮಾತ್ರ ಮಾಟುಂಗಾದ ಬಾಡಿಗೆ ಎಟುಕುವ ಮಾತಲ್ಲ. ಅವರು ಮಲಗಿದ್ದೆಲ್ಲಿ? ಗಿರಣಿ ಕೆಲಸಗಾರರು ಚಾಳಿನ ಒಂದೊಂದು ಖೋಲಿಯಲ್ಲಿ ಪಾಳಿಯ ಮೇಲೆ ಮಲಗಿದರು. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು. ಗೋವಾದ ಕ್ರೈಸ್ತರು ಧೋಬಿ ತಲಾವ್ ಸುತ್ತ ಊರಿಗೊಂದು 'ಕೂಡ್' ಮಾಡಿಕೊಂಡರು. ಹಡಗಿನ ಕೆಲಸ ಹುಡುಕಿ ಬಂದ ತಮ್ಮೂರವನಿಗೆ ಅಲ್ಲಿ ಒಂದು ಪೆಟ್ಟಿಗೆ ಇಡುವಷ್ಟು, ಒಂದು ಚಾಪೆ ಹಾಸುವಷ್ಟು ಜಾಗ. ಬ್ಯಾರಿಗಳು, ನವಾಯತರು ಜಮಾಅತಿನ ಕೋಣೆಗಳಲ್ಲಿ, ಮಸೀದಿಯ ಅಟ್ಟಗಳಲ್ಲಿ, ಪರಿಚಯದವರ ಅಂಗಡಿಯಲ್ಲಿ. ಉಡುಪಿ ಹೋಟೆಲಿನ ಮಾಣಿಗಳು ಹೋಟೆಲಿನ ಮೇಜುಗಳ ಮೇಲೆಯೇ. ಅದೇ ಮಾಣಿಗಳಿಗಾಗಿ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮೊಗವೀರರು ಈ ಕೆಲಸಕ್ಕೆ ಕೈ ಹಾಕಿದ್ದರು. ಹಗಲು ತಟ್ಟೆ ಎತ್ತಿ, ರಾತ್ರಿ ಓದಿ, ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಆದವರು ಎಷ್ಟೋ ಮಂದಿ. ನಮ್ಮವರಲ್ಲಿ 1874ರಲ್ಲಿ ಬದ್ರುದ್ದೀನ್ ತಯ್ಯಬ್‌ಜೀ ಮತ್ತು ಗೆಳೆಯರು ಸ್ಥಾಪಿಸಿದ ಅಂಜುಮನೆ ಇಸ್ಲಾಂ ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆಯಿತು. ಕರಾವಳಿಯಿಂದ ಹೋದ ನಮ್ಮ ಹೋಟೆಲ್ ಹುಡುಗರು ಮಾತ್ರ ರಾತ್ರಿಶಾಲೆಯ ಬಾಗಿಲು ಹತ್ತಿದ್ದು ಕಡಿಮೆ. ಊರಿಗೆ ಮನಿಯಾರ್ಡರ್ ಬಂದರೆ ಸಾಕೆಂದು ನಮ್ಮ ಹಿರಿಯರು ಸುಮ್ಮನಿದ್ದರು. ಇದು ಬೊಂಬಾಯಿಯ ತಪ್ಪಲ್ಲ.

1947ರ ಬಾಡಿಗೆ ಕಾಯ್ದೆ ಇದ್ದ ಬಾಡಿಗೆಯನ್ನು ಹಾಗೆಯೇ ನಿಲ್ಲಿಸಿತು. ಒಳಗಿದ್ದವರಿಗೆ ಅದು ವರ, ಹೊರಗಿನಿಂದ ಬರುವವರಿಗೆ ಬೀಗ. ಬಾಡಿಗೆ ಹತ್ತು ಇಪ್ಪತ್ತು ರೂಪಾಯಿ, ಆದರೆ ಕೋಣೆಯ ಕೀಲಿ ಕೈಗೆ ಬರಲು 'ಪಗಡಿ' ಎಂಬ ದೊಡ್ಡ ಮೊತ್ತ. ಬಾಡಿಗೆ ಬಾರದ ಕಟ್ಟಡವನ್ನು ಮಾಲೀಕ ರಿಪೇರಿ ಮಾಡಲಿಲ್ಲ. ಪ್ರತಿ ಮಳೆಗಾಲದಲ್ಲಿ ಡೋಂಗ್ರಿ, ಭೇಂಡಿ ಬಜಾರ್ ಕಡೆ ಹಳೆಯ ಕಟ್ಟಡ ಕುಸಿದ ಸುದ್ದಿ ಬರುವುದು ಇದರಿಂದಲೇ. 2011ರ ಜನಗಣತಿಯಲ್ಲಿ ಬೃಹನ್ಮುಂಬೈಯ 1 ಕೋಟಿ 24 ಲಕ್ಷ ಜನರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಕೊಳಗೇರಿಯಲ್ಲಿದ್ದರು.

ಅಲ್ಲಿ ಬಾಳಿದ ಕನ್ನಡ ಲೇಖಕರೂ ಈ ನಗರವನ್ನು ಒಂದೇ ಬಗೆಯಾಗಿ ಕಂಡಿಲ್ಲ. ಉತ್ತರ ಕನ್ನಡದ ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ ಅದು ಮನುಷ್ಯನನ್ನು ಬೆನ್ನಟ್ಟುವ ಕಾಡು. ಗೋಕರ್ಣದ ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಅಪರಿಚಿತರೇ ಬಂಧುಗಳಾಗುವ ಊರು. ನೆರೆಹೊರೆಯ ಎರಡು ಹಳ್ಳಿಗಳಿಂದ ಹೋದವರು!

ಕೆಲಸ ಕೊಟ್ಟ ನಗರ ನೀನು ಇಲ್ಲಿಯವನಲ್ಲ ಎಂದದ್ದೂ ಇದೆ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಕೋಪ ಮುಸ್ಲಿಮರ ಮೇಲಲ್ಲ, ದಕ್ಷಿಣದವರ ಮೇಲೆ. ಲುಂಗಿಯನ್ನು ಹಂಗಿಸುವ ಘೋಷಣೆ ಕೂಗುತ್ತ ಉಡುಪಿ ಹೋಟೆಲುಗಳ ಗಾಜು ಒಡೆದರು. ಶೆಟ್ಟರೂ ಭಟ್ಟರೂ ಷಟರ್ ಎಳೆದರು, ಕೆಲವು ದಿನ ಬಿಟ್ಟು ಮತ್ತೆ ಎತ್ತಿದರು. ಕಲ್ಲು ಎಸೆದವನೂ ಅಲ್ಲಿಗೇ ಇಡ್ಲಿ ತಿನ್ನಲು ಬಂದ ಎಂದು ಹಳಬರು ನಗುತ್ತಾರೆ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರಿದ್ದರು. ಅವರಲ್ಲಿ ಬಹಳ ಮಂದಿಗೆ ಗಿರಣಿ ಮತ್ತೆ ತೆರೆಯಲೇ ಇಲ್ಲ.

1992ರ ಡಿಸೆಂಬರ್ ಮತ್ತು 1993ರ ಜನವರಿಯ ಬಗ್ಗೆ ಬರೆಯಲು ನಮ್ಮ ಪೆನ್ನು ತಡೆಯುತ್ತದೆ. ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗದ ವರದಿಯಂತೆ ಸತ್ತವರು 900 ಮಂದಿ. 575 ಮುಸ್ಲಿಮರು, 275 ಹಿಂದೂಗಳು, ಉಳಿದವರು ಇತರರು ಮತ್ತು ಗುರುತು ಸಿಗದವರು. ಮಾರ್ಚ್ 12ರ ಬಾಂಬ್ ಸ್ಫೋಟಗಳಲ್ಲಿ 257 ಜೀವ. ಆ ಸ್ಫೋಟದಲ್ಲಿ ಸತ್ತ ಗುಮಾಸ್ತನಿಗೂ, ಜನವರಿಯಲ್ಲಿ ಸುಟ್ಟುಹೋದ ಬೇಕರಿ ಕೆಲಸಗಾರನಿಗೂ ಒಬ್ಬರ ಮೇಲೊಬ್ಬರಿಗೆ ಯಾವ ದ್ವೇಷವೂ ಇದ್ದಿರಲಾರದು. ಪಕ್ಕದ ಭಿವಂಡಿ 1984ರಲ್ಲಿ ದೊಡ್ಡ ಗಲಭೆ ಕಂಡಿದ್ದ ಊರು, ಆದರೆ ಈ ಸಲ ಶಾಂತವಾಗಿತ್ತು. ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಅಲ್ಲಿ ಮೊದಲೇ ಓಣಿ ಓಣಿಗೆ ಎರಡೂ ಕಡೆಯವರ ಮೊಹಲ್ಲಾ ಸಮಿತಿ ಮಾಡಿದ್ದರು. ಗಲಭೆಯ ನಂತರ ಮುಂಬೈಯಲ್ಲೂ ಜೂಲಿಯೊ ರಿಬೇರೊ ಮುಂತಾದವರು ಅಂಥ ಸಮಿತಿಗಳನ್ನು ಕಟ್ಟಿದರು.

ಆ ದಿನಗಳು ಬದಲಿಸಿದ್ದು ಮುಖ್ಯವಾಗಿ ವಾಸದ ಜಾಗವನ್ನು. ಮಿಶ್ರ ಬಡಾವಣೆಗಳಿಂದ ಹೊರಟ ಸಾವಿರಾರು ಮುಸ್ಲಿಂ ಕುಟುಂಬಗಳು ಮುಂಬ್ರಾ, ಮೀರಾ ರೋಡ್ ಸೇರಿದವು. ಬೆಳಗ್ಗೆ ಅದೇ ಲೋಕಲಿನಲ್ಲಿ ಎಲ್ಲರೂ ತೊಡೆಗೆ ತೊಡೆ ತಾಗಿಸಿ ಕೂತು ಕೆಲಸಕ್ಕೆ ಹೋಗುತ್ತಾರೆ, ಸಂಜೆ ಬೇರೆ ಬೇರೆ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ನಮ್ಮ ಪರಿಚಯದ ಒಬ್ಬ ಇಂಜಿನಿಯರ್, ಒಳ್ಳೆಯ ಸಂಬಳದವರು, ಬಾಡಿಗೆ ಮನೆ ನೋಡಿ ಮುಂಗಡ ಕೊಡುವ ಹೊತ್ತಿಗೆ ಹೆಸರು ಕೇಳಿದ ಮಾಲೀಕ ಮನೆ ಕೊಟ್ಟಾಗಿದೆ ಎಂದರಂತೆ. ನಾಲ್ಕು ಕಡೆ ಹೀಗಾಯಿತು. ಅದೇ ಇಂಜಿನಿಯರ್ 2005ರ ಜುಲೈ 26ರ ಮಹಾಮಳೆಯ ಮಾತನ್ನೂ ಹೇಳುತ್ತಾರೆ. ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗ, ಎದೆಮಟ್ಟದ ನೀರಿನಲ್ಲಿ ನಡೆದು ಬರುತ್ತಿದ್ದ ಅವರನ್ನು ಒಂದು ಗುಜರಾತಿ ಕುಟುಂಬ ಒಳಗೆ ಕರೆದು, ಒಣ ಬಟ್ಟೆ ಕೊಟ್ಟು, ಬಿಸಿ ಖಿಚಡಿ ಬಡಿಸಿ, ಬೆಳಗಿನವರೆಗೆ ಇರಿಸಿಕೊಂಡಿತ್ತು. ಹೆಸರು ಕೇಳಲಿಲ್ಲವೇ ಎಂದೆವು. "ಕೇಳಿದರು ಉಸ್ತಾದ್, ಫಜರ್‌ಗೆ ಎಬ್ಬಿಸಬೇಕಾ ಎಂದೂ ಕೇಳಿದರು" ಎಂದರು.

2008ರ ನವೆಂಬರ್ 26ರ ದಾಳಿಯ ನಂತರ ಅಲ್ಲಿನ ಮುಸ್ಲಿಮರು ಮಾಡಿದ ಒಂದು ಕೆಲಸವನ್ನು ಇಲ್ಲಿ ದಾಖಲಿಸಬೇಕು. ಕೊಲ್ಲಲ್ಪಟ್ಟ ಒಂಬತ್ತು ದಾಳಿಕೋರರ ಶವಗಳನ್ನು ದಫನ ಮಾಡಲು ಮರೀನ್ ಲೈನ್ಸ್‌ನ ಬಡಾ ಖಬರಸ್ತಾನದಲ್ಲಿ ಜಾಗ ಕೊಡುವುದಿಲ್ಲ ಎಂದು ಜಾಮಿಆ ಮಸೀದಿ ಟ್ರಸ್ಟ್ ಹೇಳಿತು. ಸುಮಾರು ಏಳೂವರೆ ಎಕರೆಯ, ಖಬರಿನ ಮೇಲೆ ಖಬರು ತೋಡುವಷ್ಟು ಇಕ್ಕಟ್ಟಿನ ಜಾಗ ಅದು. ಇಕ್ಕಟ್ಟೆಂದು ಅವರು ನಿರಾಕರಿಸಲಿಲ್ಲ. ನಿರಪರಾಧಿಗಳನ್ನು ಕೊಂದವರಿಗೆ ನಮ್ಮ ನೆಲದಲ್ಲಿ ಪಾಲಿಲ್ಲ ಎಂಬುದು ಅವರ ನಿಲುವು. ಊರು ನಮ್ಮದು ಎಂದುಕೊಂಡವರು ಮಾತ್ರ ಹಾಗೆ ಹೇಳಬಲ್ಲರು.

ಒಂದು ವಾರ ಕಳೆದು ಆ ತಂದೆ ಮತ್ತೆ ಬಂದರು. ನಾವು ಓದಿದ್ದರಿಂದ ನಮಗೆ ತೋಚಿದ್ದು ಇಷ್ಟು: ಮುನ್ನೂರೈವತ್ತು ವರ್ಷಗಳಿಂದ ಬೊಂಬಾಯಿಯನ್ನು ಹೊಗಳುವವರು ಕೆಲಸದ ಮಾತು ಆಡುತ್ತಾರೆ, ಬೈಯುವವರು ಮನೆಯ ಮಾತು ಆಡುತ್ತಾರೆ. ಆದ್ದರಿಂದ ಊರು ಒಳ್ಳೆಯದೋ ಕೆಟ್ಟದ್ದೋ ಎಂದು ಅವರಿಗೆ ಹೇಳಲಿಲ್ಲ. ಹುಡುಗ ರಾತ್ರಿ ಎಲ್ಲಿರುತ್ತಾನೆ, ಯಾರ ಜೊತೆ, ಬಾಡಿಗೆ ಎಷ್ಟು, ಕಾಯಿಲೆ ಬಿದ್ದರೆ ನೀರು ಕೊಡುವವರು ಯಾರು ಎಂದು ಕೇಳಿದೆವು. ಸಂಬಳದ ಮೊತ್ತ ಬಾಯಿಪಾಠ ಇತ್ತು. ಇದಕ್ಕೆ ಉತ್ತರ ಇರಲಿಲ್ಲ.

ಉತ್ತರ ಬಂದದ್ದು ಹೌಝಿನ ಕಟ್ಟೆಯಿಂದ. ಬೊಂಬಾಯಿಯನ್ನು ಬೈಯುತ್ತಿದ್ದರಲ್ಲ, ಅವರ ಮಗಳು ಮದುವೆಯಾಗಿ ಇರುವುದು ಮುಂಬ್ರಾದಲ್ಲಂತೆ. ವರ್ಷಕ್ಕೊಮ್ಮೆ ಇವರೂ ಹೋಗಿ ಒಂದು ತಿಂಗಳು ಇದ್ದು ಬರುತ್ತಾರಂತೆ, ನಮಗೆ ಗೊತ್ತೇ ಇರಲಿಲ್ಲ. ಅಳಿಯನ ಫೋನ್ ನಂಬರನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟರು. ಹೊಗಳುತ್ತಿದ್ದ ಹಿರಿಯರಿಗೆ ಮೂವರು ಗಂಡುಮಕ್ಕಳು, ಒಬ್ಬರನ್ನೂ ಅಲ್ಲಿಗೆ ಕಳಿಸಿದವರಲ್ಲ. ಯಾಕೆ ಕಾಕ ಎಂದು ಕೇಳಿದರೆ, "ಮೇಜಿನ ಮೇಲೆ ಮಲಗಿದ್ದು ನಾನೊಬ್ಬ ಸಾಕು" ಎಂದು ಎದ್ದು ಹೋದರು.

ಹುಡುಗ ಮತ್ಸ್ಯಗಂಧ ಹತ್ತಿ ಹೋದ. ಮೊನ್ನೆ ಫೋನ್ ಮಾಡಿದ್ದ. ಮುಂಬ್ರಾದಲ್ಲಿ ನಾಲ್ವರ ಜೊತೆ ಒಂದು ಕೋಣೆ, ಕೆಲಸ ದಾದರಿನ ಕಡೆ. ಊರು ಹೇಗಿದೆ ಎಂದು ಕೇಳಿದೆವು. "ಇನ್ನೂ ನೋಡಿಲ್ಲ ಉಸ್ತಾದ್, ಲೋಕಲಿನ ಬಾಗಿಲಿನಿಂದ ಕಂಡಷ್ಟೇ" ಎಂದ. ಭಾನುವಾರ ರಜೆ ಇದೆಯಂತೆ. ಮೀನಿರುವ ಮಸೀದಿ ಎಲ್ಲಿ ಎಂದು ವಿಚಾರಿಸಿದ. ಮುಂಬ್ರಾದಿಂದ ಗಾಡಿ ಬದಲಿಸಬೇಕಾಗಿಲ್ಲ, ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ ಎಂದೆವು.